ಆರು ಗಂಟೆಗೇ ಹೊರಟ ಗಾಡಿ

ಚೆಲುವಯ್ಯನ ಗಾಡಿಯಲ್ಲಿ ಗೋವಾಕ್ಕೆ ಹೋದವರು ಮೋಸಹೋಗಿ ಬರುವುದಿಲ್ಲ ಎಂಬುದು ನಂಜನಗೂಡಿನಲ್ಲಿ ಸಾಕಷ್ಟು ಜನರಿಗೆ ಗೊತ್ತಿದ್ದ ಸಂಗತಿ. ಟ್ರಾವೆಲ್ಸ್ ಆಫೀಸಿನ ಮಾಲೀಕ ನಂಜುಂಡೇಶ್ ಹೊಸ ಗಿರಾಕಿಗಳಿಗೆ ದರ ಹೇಳುವ ಮೊದಲೇ ಇದನ್ನು ಹೇಳಿಬಿಡುತ್ತಿದ್ದ. ಹನ್ನೊಂದು ವರ್ಷಗಳಿಂದ ಡಿಸೆಂಬರಿನ ಕೊನೆಯ ವಾರ ಬಂದರೆ ಚೆಲುವಯ್ಯ ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್ ತೆಗೆದುಕೊಂಡು ಗೋವಾಕ್ಕೆ ಹೊರಡುತ್ತಿದ್ದ. ಕೊರೋನಾದ ಒಂದು ವರ್ಷ ಬಿಟ್ಟರೆ ಹತ್ತು ಸಲ ಹೋಗಿಬಂದಿದ್ದಾನೆ.

ಆ ಹತ್ತರಲ್ಲಿ ಮೊದಲನೆಯ ಸಲ ಮಾತ್ರ ಪೆಟ್ಟು ಬಿದ್ದಿತ್ತು. ಪಣಜಿಯ ಬಸ್ ನಿಲ್ದಾಣದ ಹತ್ತಿರ ಒಬ್ಬ ‘ನಾನೂ ನಂಜನಗೂಡಿನವನೇ’ ಎಂದು ಕನ್ನಡದಲ್ಲಿ ಮಾತಾಡಿಸಿದ. ಅಗ್ಗದ ರೂಮು ಕೊಡಿಸುತ್ತೇನೆಂದು ಮುಂಗಡ ಇಸಿದುಕೊಂಡ. ಬೀಗದ ಕೈ ತರುತ್ತೇನೆಂದು ಹೋದವನು ತಿರುಗಿ ಬರಲೇ ಇಲ್ಲ. ಹನ್ನೆರಡು ಜನ ಮಕ್ಕಳುಮರಿ ಕಟ್ಟಿಕೊಂಡು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಕಾದರು. ಅವರನ್ನು ಆ ಮನುಷ್ಯನ ಹತ್ತಿರ ಕರೆದುಕೊಂಡು ಹೋಗಿದ್ದವನು ಚೆಲುವಯ್ಯನೇ. ಊರಿನವನು ಅಂದಮೇಲೆ ಇನ್ನೇನು ಕೇಳುವುದು ಎಂದುಕೊಂಡಿದ್ದ. ಇವನಿಗೂ ಅದರಲ್ಲಿ ಪಾಲಿದೆಯೆಂದು ಅವರು ತೀರ್ಮಾನಿಸಿದರು. ವಾಪಸು ಬರುವ ಆರುನೂರೈವತ್ತು ಕಿಲೋಮೀಟರಿನಲ್ಲಿ ಒಬ್ಬರೂ ಅವನನ್ನು ಮಾತಾಡಿಸಲಿಲ್ಲ.

ಮರುವರ್ಷದಿಂದ ಅವನು ಬೇರೆ ಮನುಷ್ಯನಾದ. ಗೋವಾದಲ್ಲಿ ಎಲ್ಲೆಲ್ಲಿ ಜನ ಬೀಳುತ್ತಾರೆ ಎಂಬುದನ್ನು ಒಂದೊಂದಾಗಿ ನೋಡಿ ತಿಳಿದುಕೊಂಡ. ಬಾಡಿಗೆಯ ಸ್ಕೂಟರು ಆದರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು, ಬಿಳಿ ಪ್ಲೇಟಾದರೆ ಅದು ಬಾಡಿಗೆಗೆ ಪರವಾನಗಿ ಇಲ್ಲದ ಗಾಡಿ, ಮುಟ್ಟಬಾರದು. ತೆಗೆದುಕೊಳ್ಳುವಾಗ ನಾಲ್ಕೂ ಕಡೆ ಫೋಟೊ ತೆಗೆಯಬೇಕು. ಸಮುದ್ರದ ಮೇಲಿನ ಆಟಗಳಿಗೆ ದಡದಲ್ಲಿ ಹೇಳುವ ದರ ಒಂದು, ನೀರಿನ ಮಧ್ಯೆ ಕೇಳುವ ದರ ಇನ್ನೊಂದು. ಮಾಂಡೋವಿ ನದಿಯಲ್ಲಿ ನಿಂತಿರುವ ಜೂಜಿನ ಕ್ಯಾಸಿನೊ ಬೋಟುಗಳಿಗೆ, ಜನ ಹತ್ತುವ ಜೆಟ್ಟಿಯಲ್ಲಿ ಅರ್ಧ ಬೆಲೆಗೆ ಟಿಕೆಟ್ ಎಂದು ಕೈಹಿಡಿದು ಎಳೆಯುವವರಲ್ಲಿ ಕೆಲವರ ಟಿಕೆಟ್ಟನ್ನು ಬಾಗಿಲಲ್ಲಿ ಯಾರೂ ಒಪ್ಪುವುದಿಲ್ಲ. ಇವೆಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಜೋಡಿ ಆಟಕ್ಕೆ. ಮೊದಲನೆಯವನು ಬಂದು ತೊಂದರೆ ಕೊಡುತ್ತಾನೆ, ಎರಡನೆಯವನು ಬಂದು ಬಿಡಿಸುತ್ತಾನೆ. ಬಿಡಿಸಿದವನನ್ನು ಜನ ದೇವರ ಹಾಗೆ ನಂಬುತ್ತಾರೆ. ನಿಜವಾದ ಸುಲಿಗೆ ಶುರುವಾಗುವುದು ಅಲ್ಲಿಂದ.

ನಂಜನಗೂಡಿನಲ್ಲಿ ಗಾಡಿ ಹೊರಡುವ ಮೊದಲು ಅವನು ಇದನ್ನೆಲ್ಲ ಬಾಗಿಲ ಹತ್ತಿರ ನಿಂತು ಹೇಳುತ್ತಿದ್ದ. ಜನ ನಗುತ್ತಿದ್ದರು. ನಂಜುಂಡೇಶ್ ಅವನಿಗೆ ‘ಹೆಡ್‌ಮೇಷ್ಟ್ರು’ ಎಂದು ಹೆಸರಿಟ್ಟಿದ್ದ.

ಇನ್ನೊಂದು ವಿಷಯವಿತ್ತು. ಹೆದ್ದಾರಿಯ ಹೋಟೆಲುಗಳಲ್ಲಿ ಗಾಡಿ ನಿಲ್ಲಿಸಿದ ಡ್ರೈವರಿಗೆ ಒಳಗೆ ಪರದೆಯ ಹಿಂದೆ ಊಟ ಪುಕ್ಕಟೆ. ಗೋವಾದಲ್ಲಂತೂ ಲಾಡ್ಜು, ಗೋಡಂಬಿ ಅಂಗಡಿ, ಬೋಟು, ಎಲ್ಲ ಕಡೆ ಡ್ರೈವರಿಗೆ ಒಂದು ಪಾಲು. ಆ ಊಟ ಉಂಡವನು ಆ ಹೋಟೆಲಿನಲ್ಲೇ ನಿಲ್ಲಿಸಬೇಕು, ಅಲ್ಲಿ ದೋಸೆಗೆ ಏನೇ ಬೆಲೆ ಹಾಕಿದರೂ ಬಾಯಿ ಮುಚ್ಚಿಕೊಂಡಿರಬೇಕು. ಚೆಲುವಯ್ಯ ಅದನ್ನು ಬಿಟ್ಟ. ಬಿಟ್ಟಮೇಲೆ ಪರದೆಯ ಹಿಂದಿನ ಮೇಜಿನಲ್ಲಿ ಅವನಿಗೆ ಜಾಗ ಉಳಿಯಲಿಲ್ಲ. ‘ನೀನೊಬ್ಬ ಸತ್ಯವಂತ, ನಾವೆಲ್ಲ ಕಳ್ರಾ?’ ಎಂದು ಹುಣಸೂರಿನ ಒಬ್ಬ ಡ್ರೈವರ್ ಎಲ್ಲರೆದುರು ಕೇಳಿದ್ದ. ಅತ್ತ ಪ್ರಯಾಣಿಕರ ಜೊತೆ ಕೂರುವುದೂ ಆಗದು. ಅವರಿಗೆ ಡ್ರೈವರ್ ಪಕ್ಕದಲ್ಲಿ ಕೂತರೆ ಮನೆಯ ಮಾತು ಆಡಲು ಮುಜುಗರ. ಹಾಗಾಗಿ ಚೆಲುವಯ್ಯ ಒಂದು ಸಣ್ಣ ಗ್ಯಾಸ್ ಒಲೆ, ರಾಗಿ ಹಿಟ್ಟು, ಮುದ್ದೆ ಕೋಲು, ಒಂದು ಪಾತ್ರೆ ಗಾಡಿಯಲ್ಲೇ ಇಟ್ಟುಕೊಂಡ. ಎಲ್ಲರೂ ಊಟಕ್ಕೆ ಹೋದಮೇಲೆ ಗಾಡಿಯ ಹಿಂದೆ ಕೂತು ಮುದ್ದೆ ತಿರುವಿ, ಒಬ್ಬನೇ ಉಣ್ಣುತ್ತಿದ್ದ.

ಅದು ಅವನಿಗೆ ಅಭ್ಯಾಸವಾಗಿತ್ತು. ವಯಸ್ಸು ಐವತ್ನಾಲ್ಕು. ಟಿ. ನರಸೀಪುರದ ಬಸ್ ನಿಲ್ದಾಣದ ಹಿಂದೆ ಒಂದು ರೂಮಿನಲ್ಲಿ ವಾಸ. ಹೆಂಡತಿ ಮುತ್ತಮ್ಮ ತೀರಿಕೊಂಡು ಆರು ವರ್ಷ. ಮಗಳು ರಾಣಿಯನ್ನು ಕೊಳ್ಳೇಗಾಲಕ್ಕೆ ಕೊಟ್ಟಿದೆ. ಭಾನುವಾರ ಫೋನ್ ಮಾಡುತ್ತಾಳೆ. ‘ಊಟ ಆಯ್ತಾ?’ ಅನ್ನುತ್ತಾಳೆ, ‘ಆಯ್ತು’ ಅನ್ನುತ್ತಾನೆ. ನಾಲ್ಕು ನಿಮಿಷದಲ್ಲಿ ಮಾತು ಮುಗಿಯುತ್ತದೆ.

ಕಳೆದ ಡಿಸೆಂಬರಿನ ಪಾರ್ಟಿ ನಂಜನಗೂಡಿನ ಗೊಬ್ಬರದ ಅಂಗಡಿಯ ದೊಡ್ಡಸಿದ್ದಯ್ಯನವರದು. ಮೂಲ ಸುತ್ತೂರು. ಹೆಂಡತಿ ಮಲ್ಲಾಜಮ್ಮ, ಹೊಸದಾಗಿ ಮದುವೆಯಾಗಿದ್ದ ಅಣ್ಣನ ಮಗ ದೀಪಕ್, ಉಳಿದ ನೆಂಟರು ಸೇರಿ ಹನ್ನೊಂದು ಜನ. ಒಂದು ಸೀಟು ಖಾಲಿ. ಇಪ್ಪತ್ತೇಳರ ಸಂಜೆ ಪಣಜಿ ತಲುಪಿದರು. ಎರಡನೆಯ ತಾರೀಕು ವಾಪಸು ಹೊರಡುವುದೆಂದು ಗೊತ್ತಾಗಿತ್ತು.

ಮರುದಿನ ಸಂಜೆ ನಾಲ್ಕೂವರೆ. ಪಾರ್ಟಿಯನ್ನು ಲಾಡ್ಜಿಗೆ ಬಿಟ್ಟು, ನದಿಯ ಪಕ್ಕದ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿಕೊಂಡು ಚೆಲುವಯ್ಯ ಮುದ್ದೆ ತಿರುವುತ್ತಿದ್ದ. ಹಿಂದೆ ಯಾರೋ ನಿಂತ ಹಾಗಾಯಿತು.

“ಏನಣ್ಣೋ, ಮುದ್ದೆನಾ? ಈ ಊರಲ್ಲಾ?”

ಮೂವತ್ತೇಳು ಮೂವತ್ತೆಂಟರ ಮನುಷ್ಯ. ಹಸಿರು ಟೀ ಶರ್ಟು, ಕೈಯಲ್ಲಿ ಕ್ಯಾಸಿನೊ ಬೋಟಿನ ಚೀಟಿಗಳ ಕಂತೆ. ಜೆಟ್ಟಿಯಲ್ಲಿ ಚೀಟಿ ಹಂಚುವವನು.

“ಕಾಣಲ್ವಾ?” ಎಂದ ಚೆಲುವಯ್ಯ, ಕೋಲು ನಿಲ್ಲಿಸದೆ.

“ಕಂಡದ್ದು ಈಗ ಕಣಣ್ಣ. ವಾಸ್ನೆ ಇಡ್ಕಂಡು ಜೆಟ್ಟಿ ತಾವಿಂದ ಬಂದೆ.”

“ಯಾವೂರು?”

“ತಲಕಾಡು. ಕೃಷ್ಣಕುಮಾರ ಅಂತ.”

ಊರಿನ ಹೆಸರು ಹೇಳುವವರಿಗಾಗಿ ಚೆಲುವಯ್ಯ ಒಂದು ಪರೀಕ್ಷೆ ಇಟ್ಟುಕೊಂಡಿದ್ದ. ತಪ್ಪು ಮಾತೊಂದನ್ನು ಹೇಳಿ ಸುಮ್ಮನಾಗುವುದು. ಹೌದು ಹೌದು ಅಂದವನು ಕಳ್ಳ.

“ಓ, ಅಂಗಾ? ಈ ಸಲ ಮಳೆ ಜಾಸ್ತಿ ಕಣಪ್ಪ. ನಂಜನಗೂಡಲ್ಲಿ ಕಾವೇರಿ ಮೆಟ್ಲೆಲ್ಲ ಮುಳುಗುಸ್ಬುಟ್ಟಿತ್ತು.”

“ನಂಜನಗೂಡಲ್ಲಿ ಕಾವೇರಿ ಎಲ್ಲಿಂದ ಬಂತಣ್ಣ?” ಅವನು ಜೋರಾಗಿ ನಕ್ಕ. “ಅದು ಕಪಿಲೆ ಅಲ್ವಾ? ಕಾವೇರಿ ಸಿಗದು ನರಸೀಪುರುಕ್ ಬಂದ್ಮೇಲೆ. ಯಾವೂರ್ ಡ್ರೈವರಣ್ಣ ನೀವು!”

ಚೆಲುವಯ್ಯ ಮುದ್ದೆಯನ್ನು ಎರಡು ಮಾಡಿದ.

ಕೃಷ್ಣಕುಮಾರ ಹುರುಳಿ ಸಾರಿನಲ್ಲಿ ತುತ್ತು ಅದ್ದಿ, ಅಗಿಯದೆ ನುಂಗಿ, ಕಣ್ಣು ಮುಚ್ಚಿ ತೆರೆದ. “ನಾಕ್ ವರ್ಸ ಆಯ್ತಣ್ಣ. ನುಂಗದು ಮರ್ತೋಗಿಲ್ಲ ನೋಡಿ,” ಎಂದ. ಐದು ಗಂಟೆಗೆ ಅವನ ಪಾಳಿ. ತಟ್ಟೆ ತೊಳೆದಿಟ್ಟು ಹೋದ.

ಎರಡನೆಯ ದಿನ ಅದೇ ಹೊತ್ತಿಗೆ ಈರುಳ್ಳಿ, ನಿಂಬೆಹಣ್ಣು ತಂದ. ಆ ದಿನ ತನ್ನ ಕತೆ ಹೇಳಿದ. ನಾಲ್ಕು ವರ್ಷದ ಹಿಂದೆ ಸ್ನೇಹಿತರ ಜೊತೆ ಹೊಸ ವರ್ಷಕ್ಕೆಂದು ಬಂದಿದ್ದ. ಹಳೆಯ ಟ್ರಾಕ್ಟರ್ ಒಂದನ್ನು ಕೊಳ್ಳಲು ಕೂಡಿಟ್ಟಿದ್ದ ದುಡ್ಡು ಅವನ ಬ್ಯಾಂಕಿನಲ್ಲಿತ್ತು. ಬೋಟು ಹತ್ತಿದ. ಮೊದಲನೆಯ ಸಲ ಸ್ವಲ್ಪ ಬಂತು. ಎರಡು ದಿನದಲ್ಲಿ ಮೂರು ಸಲ ಹತ್ತಿದ. ಸ್ನೇಹಿತರು ಊರಿಗೆ ಹೋದರು, ಇವನು ಹೋದದ್ದನ್ನು ಸಂಪಾದಿಸಿಕೊಂಡೇ ಬರುತ್ತೇನೆಂದು ಉಳಿದ. ತಾನು ಸೋತ ಬೋಟಿಗೆ ಜನರನ್ನು ಕರೆಯುವ ಕೆಲಸವೇ ಅವನಿಗೆ ಸಿಕ್ಕಿತು. ಊರಲ್ಲಿ ಹೆಂಡತಿ ಪವಿತ್ರಾ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಮಗಳು ಅರ್ಪಿತ ನಾಲ್ಕನೆಯ ತರಗತಿ.

“ಓಗ್ಬೇಕು ಅನ್ಸಲ್ವಾ?” ಚೆಲುವಯ್ಯ ಕೇಳಿದ.

“ದಿನಾ ಅನ್ಸ್ತದೆ. ಬರಿಗೈಲಿ ಓಗಿ ಆ ಉಡ್ಗಿ ಮುಂದೆ ಎಂಗಣ್ಣ ನಿಂತ್ಕಳ್ಳದು?”

ಆಮೇಲೆ ಚೆಲುವಯ್ಯನೂ ಮಾತಾಡಿದ. ಹೆಚ್ಚೇನಲ್ಲ. ಮುತ್ತಮ್ಮ ಹೋದ ದಿನ ತಾನು ಹುಬ್ಬಳ್ಳಿಯ ಹತ್ತಿರ ಟೈರು ಬದಲಿಸುತ್ತಿದ್ದೆ, ಫೋನು ಡ್ಯಾಶ್‌ಬೋರ್ಡಿನ ಮೇಲಿತ್ತು, ಕೇಳಿಸಲಿಲ್ಲ ಎಂದಷ್ಟೇ. ಆರು ವರ್ಷದಲ್ಲಿ ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೃಷ್ಣಕುಮಾರ ನಿಂಬೆಹಣ್ಣು ಹಿಂಡಿ ಅವನ ತಟ್ಟೆಗೂ ಹಾಕಿದ.

ಮೂವತ್ತನೆಯ ತಾರೀಕು ಎಲ್ಲರೂ ಕಲಂಗುಟ್ ಬೀಚಿಗೆ ಹೋದರು. ದೀಪಕ್ ಹೆಂಡತಿಯ ಜೊತೆ ಸುತ್ತಲು ಬಾಡಿಗೆ ಸ್ಕೂಟರು ತೆಗೆದುಕೊಂಡ. ಚೆಲುವಯ್ಯ ಹಿಂದೆಯೇ ಹೋಗಿ ನಾಲ್ಕೂ ಕಡೆ ಫೋಟೊ ತೆಗೆದಾಗ “ಮದುವೆ ಫೋಟೋಗ್ರಾಫರೂ ಇಷ್ಟು ತೆಗೀಲಿಲ್ಲ ಕಣಯ್ಯ” ಎಂದು ದೀಪಕ್ ಸಿಡುಕಿದ. ಮಧ್ಯಾಹ್ನ ಒಂದಕ್ಕೆ ವಾಪಸು ಕೊಡಲು ಹೋದರೆ, ಮಡ್ಗಾರ್ಡಿನ ಗೀರು ಇವನೇ ಮಾಡಿದ್ದು ಎಂದು ಅಂಗಡಿಯವನು ಡ್ರೈವಿಂಗ್ ಲೈಸೆನ್ಸ್ ಹಿಡಿದಿಟ್ಟುಕೊಂಡ. ಚೆಲುವಯ್ಯ ಫೋಟೊ ತೋರಿಸಿದ. ಗೀರು ಬೆಳಿಗ್ಗೆಯೇ ಇತ್ತು. ಅಂಗಡಿಯವನು ಆ ಕಡೆ ನೋಡಲೇ ಇಲ್ಲ. ಮೂವರು ಬಂದು ಸುತ್ತ ನಿಂತರು. ದೀಪಕ್ ಹೆಂಡತಿ ಅಳತೊಡಗಿದಳು.

ಆಗ ರಸ್ತೆಯ ಆಚೆಯಿಂದ ಕೃಷ್ಣಕುಮಾರ ಬಂದ. ಹಸಿರು ಟೀ ಶರ್ಟು ಇರಲಿಲ್ಲ, ಮಾಮೂಲಿ ಅಂಗಿ, ಕೈಯಲ್ಲೊಂದು ಕಾಗದದ ಕವರು. ಅಂಗಡಿಯವನ ಹತ್ತಿರ ಹೋಗಿ ಕೊಂಕಣಿಯಲ್ಲಿ ಎರಡು ನಿಮಿಷ ಮಾತಾಡಿದ, ಒಂದು ಸಲ ದನಿ ಏರಿಸಿದ. ಲೈಸೆನ್ಸ್ ವಾಪಸು ಬಂತು.

“ಯಾರಪ್ಪ ನೀನು? ನಂಜುಂಡೇಶ್ವರನೇ ಕಳಿಸಿದ ಹಾಗೆ ಬಂದೆಯಲ್ಲ!” ದೊಡ್ಡಸಿದ್ದಯ್ಯ ಅವನ ಎರಡೂ ಕೈ ಹಿಡಿದುಕೊಂಡರು. ತಲಕಾಡಿನವನು ಎಂದು ತಿಳಿದಮೇಲಂತೂ ಅವರ ಸಂತೋಷ ಹೇಳತೀರದು. “ಆ ಬೋಟು ಒಂದು ಒಳಗೆ ಹೆಂಗಿರುತ್ತೆ ನೋಡೋಣ ಅಂತಿದ್ದೀವಿ. ಟಿಕೆಟ್ ನೀನೇ ಮಾಡ್ಸು ಮತ್ತೆ.”

“ಬ್ಯಾಡಿ ಸಾ. ಆ ಬೋಟಿನ್ ಅಲಗೆ ಅತ್ತದು ಸುಲ್ಬ. ನಾನ್ ಅತ್ತಿ ನಾಕ್ ವರ್ಸ ಆಯ್ತು, ಇನ್ನೂ ಇಳ್ದಿಲ್ಲ. ಚೆಲುವಣ್ಣ ಏನ್ ಯೋಳ್ತರೋ ಅದ್ನೇ ಕೇಳಿ ಸಾ ನೀವು.”

“ಇಷ್ಟು ದಿನ ಅವನು ಹೇಳಿದ್ದಕ್ಕೆ ಹೆಡ್‌ಮೇಷ್ಟ್ರು ಅಂತ ಆಡ್ಕೊಂಡ್ರಿ,” ಎಂದರು ಮಲ್ಲಾಜಮ್ಮ ಗಂಡನಿಗೆ. “ಈಗ ಇನ್ನೊಬ್ಬರು ಹೇಳಬೇಕಾಯ್ತು.”

ಚೆಲುವಯ್ಯ ನಗಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಜೆಟ್ಟಿ ಇಲ್ಲಿಂದ ಹದಿನೈದು ಕಿಲೋಮೀಟರು. ಇವನ ಕೆಲಸ ಅಲ್ಲಿ. ಇಷ್ಟು ದೊಡ್ಡ ಬೀಚಿನಲ್ಲಿ, ಇದೇ ಅಂಗಡಿಯ ಮುಂದೆ, ಇದೇ ಹೊತ್ತಿಗೆ ಬಂದದ್ದು ಹೇಗೆ? ಫೋಟೊಗೆ ಬಗ್ಗದ ಅಂಗಡಿಯವನು ಎರಡು ನಿಮಿಷದ ಮಾತಿಗೆ ಬಗ್ಗಿದ್ದು ಹೇಗೆ?

“ಇಲ್ಲಿಗ್ ಯಾಕಪ್ಪ ಬಂದಿದ್ದೆ?” ಎಂದು ಪಕ್ಕಕ್ಕೆ ಕರೆದು ಕೇಳಿದ.

ಕೃಷ್ಣಕುಮಾರ ಕವರನ್ನು ಮಡಚಿ ಜೇಬಿಗೆ ಹಾಕಿಕೊಂಡ. “ಏನಿಲ್ಲ ಬುಡಿ ಅಣ್ಣ. ಸುಮ್ನೆ ಒಂದ್ ಕೆಲ್ಸ ಇತ್ತು,” ಎಂದು ಕಣ್ಣು ತಪ್ಪಿಸಿದ.

ಚೆಲುವಯ್ಯ ಹತ್ತು ವರ್ಷದಲ್ಲಿ ಕಲಿತ ಪಾಠದಲ್ಲಿ ಇದಕ್ಕಿಂತ ಸ್ಪಷ್ಟವಾದ ಗುರುತು ಇನ್ನೊಂದಿರಲಿಲ್ಲ. ತೊಂದರೆ ಕೊಟ್ಟವನೊಬ್ಬ, ಬಿಡಿಸಿದವನೊಬ್ಬ. ಇನ್ನು ಮೂರನೆಯ ಹೆಜ್ಜೆ ಬರಬೇಕು, ಏನಾದರೊಂದು ಕೇಳಬೇಕು.

ಮೂವತ್ತೊಂದರ ಸಂಜೆ ಅದು ಬಂತು. ತಟ್ಟೆಯ ಮುಂದೆ ಕೂತ ಕೃಷ್ಣಕುಮಾರ ತುತ್ತು ಮುರಿಯದೆ ಕೇಳಿದ.

“ಚೆಲುವಣ್ಣ, ನಿಮ್ ಗಾಡೀಲಿ ಒಂದ್ ಸೀಟು ಖಾಲಿ ಅದೆ ಅಂದಿದ್ರಲ್ಲಾ. ನಾನೂ ಬಂದ್ಬುಡ್ಲಾ?”

“ಬರಿಗೈಲಿ ಓಗಕಾಗಲ್ಲ ಅಂದಿದ್ದೆ?”

“ಇಲ್ಲೇ ಇದ್ರೆ ಇನ್ನೂ ನಾಕ್ ವರ್ಸಕ್ಕೂ ಬರಿಗೈನೆ ಕಣಣ್ಣ. ನಿಮ್ ಜೊತೆ ಉಂಡ್ಮೇಲೆ ಯಾಕೋ ಓಗ್ಬುಡಾದು ಅನ್ನುಸ್ಬುಡ್ತು. ಒಬ್ನೇ ಬಸ್ ಅತ್ತುದ್ರೆ ಅರ್ದ ದಾರೀಲಿ ಇಳ್ದು ವಾಪಸ್ ಬಂದ್ಬುಡ್ತೀನಿ. ಮೊದ್ಲೂ ಅಂಗೇ ಆಗಿದ್ದು. ನೀವ್ ಜೊತೇಲಿದ್ರೆ ಓಯ್ತೀನಿ.”

ಎರಡು ವರ್ಷದ ಹಿಂದೆ ಒಬ್ಬ ಡ್ರೈವರ್ ಹೀಗೇ ಒಬ್ಬನನ್ನು ಹತ್ತಿಸಿಕೊಂಡಿದ್ದ. ಗಡಿಯ ತಪಾಸಣೆಯಲ್ಲಿ ಅವನ ಚೀಲದ ತುಂಬ ಮದ್ಯದ ಬಾಟಲಿ. ಚೀಲ ನನ್ನದಲ್ಲ ಎಂದು ಅವನು ಇಳಿದುಹೋದ. ಗಾಡಿ ಎರಡು ತಿಂಗಳು ಅಲ್ಲೇ ನಿಂತಿತು. ಚೆಲುವಯ್ಯನಿಗೆ ಅದು ನೆನಪಾಯಿತು. ಅದರ ಜೊತೆಗೇ ಎದುರಿಗೆ ಕೂತವನ ಮುಖವೂ ಕಾಣುತ್ತಿತ್ತು. ಅದನ್ನು ನೋಡಬಾರದೆಂದು ಒಲೆಯ ಕಡೆ ನೋಡಿದ.

ಇಂಥವರಿಗೆ ಇಲ್ಲ ಎನ್ನಬಾರದು ಎಂಬುದು ಅವನ ಪದ್ಧತಿ. ಇಲ್ಲ ಅಂದರೆ ಪಾರ್ಟಿಯ ಹತ್ತಿರ ಹೋಗಿ ಕೇಳುತ್ತಾರೆ, ಅಳುತ್ತಾರೆ, ಬೇರೆ ದಾರಿ ಹುಡುಕುತ್ತಾರೆ. ಆಗಲಿ ಅಂದು, ಹೊತ್ತು ತಪ್ಪಿಸಬೇಕು.

“ಆಯ್ತು ಬಾ,” ಎಂದ. “ಎರಡ್ನೇ ತಾರೀಕು. ಬೆಳಿಗ್ಗೆ ಏಳ್ ಗಂಟೆಗೆ ಲಾಡ್ಜ್ ತಾವ. ಪಾರ್ಟಿಯೋರ್ಗೆ ನಾನೇ ಯೋಳ್ತೀನಿ, ನೀನ್ ಏನೂ ಕೇಳಕ್ ಓಗ್ಬ್ಯಾಡ.”

ಕೃಷ್ಣಕುಮಾರ ಎದ್ದು ನಿಂತುಬಿಟ್ಟ. ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತ. ಒಂದನೆಯ ತಾರೀಕಿನ ಸಂಜೆಯೂ ಬಂದು ಉಂಡ. “ಏಳ್ ಗಂಟೆ ಅಲ್ವಾಣ್ಣ?” ಎಂದು ಎರಡು ಸಲ ಕೇಳಿದ. ಏಳು ಎಂದು ಎರಡು ಸಲವೂ ಚೆಲುವಯ್ಯ ಹೇಳಿದ.

ಪಾರ್ಟಿಗೆ ಅವನು ಹೇಳಿದ್ದು ಆರು ಗಂಟೆ.

ಎರಡನೆಯ ತಾರೀಕು ಬೆಳಿಗ್ಗೆ ಎಲ್ಲರೂ ಹತ್ತಿ ಕೂತಾಗ ಆರು ಹೊಡೆದು ಮೂರು ನಿಮಿಷ. ಇನ್ನೂ ಕತ್ತಲು ಹರಿದಿರಲಿಲ್ಲ. ಲಾಡ್ಜಿನ ಸಣ್ಣ ಬೀದಿಯಿಂದ ಗಾಡಿಯನ್ನು ಮುಂದಕ್ಕೆ ತೆಗೆದ. ಬದಿಯ ಕನ್ನಡಿಯಲ್ಲಿ, ಹಿಂದಿನ ತಿರುವಿನ ದೀಪದ ಕೆಳಗೆ, ಕೃಷ್ಣಕುಮಾರ ಬರುತ್ತಿದ್ದ. ಒಂದು ಗಂಟೆ ಮೊದಲೇ. ಗಡ್ಡ ಬೋಳಿಸಿದ್ದ, ತಲೆ ಬಾಚಿದ್ದ, ಬಿಳಿ ಅಂಗಿ ಹಾಕಿದ್ದ. ಹೆಗಲ ಮೇಲೆ ಒಂದೇ ಒಂದು ಸಣ್ಣ ಬ್ಯಾಗು, ಶಾಲೆಯ ಮಕ್ಕಳು ಹಾಕಿಕೊಳ್ಳುವಂಥದು.

ಅವನು ಓಡಲಿಲ್ಲ. ಗಾಡಿ ತಿರುಗಿಸಿಕೊಳ್ಳಲು ಮುಂದಕ್ಕೆ ಹೋಗುತ್ತಿದೆಯೆಂದು ತಿಳಿದನೋ ಏನೋ, ಬೀದಿಯ ಮಧ್ಯೆ ನಿಂತು, ರಿವರ್ಸ್ ತೆಗೆಯುವವರಿಗೆ ತೋರಿಸುವ ಹಾಗೆ ಕೈ ಎತ್ತಿ, ಬರಲಿ ಬರಲಿ ಎಂದು ಬೀಸುತ್ತಿದ್ದ.

“ಅಲ್ಲಿ ನಿಂತಿರೋದು ಆ ತಲಕಾಡಿನವನಲ್ವಾ ಚೆಲುವಯ್ಯ?” ಮಲ್ಲಾಜಮ್ಮ ಕಿಟಕಿಯಿಂದ ಹಿಂದಕ್ಕೆ ನೋಡಿ ಕೇಳಿದರು.

“ಅಲ್ಲ ಕಣಮ್ಮ. ಯಾರೋ.”

ಗೇರು ಬದಲಿಸಿದ. ತಿರುವು ಬಂತು, ಕನ್ನಡಿಯಲ್ಲಿ ಬೀದಿ ಹೋಯಿತು.

ಗಡಿಯಲ್ಲಿ ಗಾಡಿಯನ್ನು ಪೂರ್ತಿ ಜಾಲಾಡಿದರು. ಏನೂ ಸಿಗಲಿಲ್ಲ. ಪಾರಾದೆ ಎಂದು ಚೆಲುವಯ್ಯನಿಗೆ ಮೊದಲು ಅನ್ನಿಸಿತು. ಧಾರವಾಡ ದಾಟುವಷ್ಟರಲ್ಲಿ ಅದರಲ್ಲಿ ಅರ್ಥವಿಲ್ಲ ಅನ್ನಿಸಿತು. ಹತ್ತಿಸಿಕೊಳ್ಳದ ಮನುಷ್ಯನ ಚೀಲದಲ್ಲಿ ಏನಿತ್ತು ಎಂಬುದನ್ನು ಯಾವ ತಪಾಸಣೆ ತಾನೇ ಹೇಳೀತು? ಅವನು ಕಳ್ಳ ಎಂಬುದೂ ರುಜುವಾಗಲಿಲ್ಲ, ಅಲ್ಲ ಎಂಬುದೂ ಆಗಲಿಲ್ಲ. ಅವನ ಫೋನ್ ನಂಬರನ್ನೂ ಚೆಲುವಯ್ಯ ಬರೆದುಕೊಂಡಿರಲಿಲ್ಲ. ಅಂಥವರ ನಂಬರು ಇಟ್ಟುಕೊಳ್ಳಬಾರದೆಂಬುದೂ ಪದ್ಧತಿಯಲ್ಲಿ ಸೇರಿತ್ತು.

ನಂಜನಗೂಡಿನಲ್ಲಿ ಇಳಿಯುವಾಗ ದೊಡ್ಡಸಿದ್ದಯ್ಯನವರು ಬೆನ್ನು ತಟ್ಟಿ, “ನಿಮ್ಮ ಹೆಡ್‌ಮೇಷ್ಟ್ರು ಬಂಗಾರದಂಥ ಮನುಷ್ಯ” ಎಂದು ನಂಜುಂಡೇಶ್‌ಗೆ ಹೇಳಿದರು. ಚೆಲುವಯ್ಯ ಗಾಡಿ ತೊಳೆಯಲು ಹೋದ.

ನರಸೀಪುರದ ರೂಮಿನಲ್ಲಿ ನಾಲ್ಕು ದಿನ ಕೆಲಸವಿರಲಿಲ್ಲ. ಮೂರನೆಯ ದಿನ ಸಂಜೆ ಮುದ್ದೆ ಕಟ್ಟಿ ನೋಡಿದರೆ ತಟ್ಟೆಯಲ್ಲಿ ಎರಡು ಇದ್ದವು. ಹಿಟ್ಟು ಹಾಕುವಾಗಲೇ ಕೈ ಇಬ್ಬರಿಗೆ ಅಳೆದಿತ್ತು. ಒಂದನ್ನು ಉಂಡ. ಇನ್ನೊಂದು ಬೆಳಿಗ್ಗೆಯವರೆಗೆ ಹಾಗೇ ಇತ್ತು. ಪಣಜಿಯಲ್ಲಿ ತಾನು ಪರೀಕ್ಷೆ ಮಾಡಿದ್ದು ಕೃಷ್ಣಕುಮಾರನ ಮಾತಿನ ಅರ್ಧವನ್ನು, ಅವನ ಊರನ್ನು ಮಾತ್ರ ಎಂದು ಅವನಿಗೆ ಅನ್ನಿಸತೊಡಗಿತು. ಉಳಿದರ್ಧ, ಆ ಹೆಂಡತಿ ಮಗಳ ಮಾತು ನಿಜವೇ ಎಂಬುದು, ಇಲ್ಲಿಗೆ ಒಂದು ಗಂಟೆಯ ದಾರಿಯಲ್ಲಿತ್ತು.

ಮಂಗಳವಾರ ತಲಕಾಡಿನ ಬಸ್ಸು ಹತ್ತಿದ. ಟೀ ಅಂಗಡಿಯಲ್ಲಿ ಕೇಳಿದ. “ಗೋವಾ ಕೃಷ್ಣನ ಮನೆಯಾ?” ಎಂದು ಅಂಗಡಿಯವನು ಬೆರಳು ತೋರಿಸಿದ. ಮರಳು ದಿಬ್ಬದ ಹಿಂದಿನ ಬೀದಿ, ಶೀಟಿನ ಮನೆ. ಶಾಲೆಯಿಂದ ಆಗಷ್ಟೇ ಬಂದಿದ್ದ ಹೆಂಗಸು ಹೊಸ್ತಿಲ ಹತ್ತಿರ ಕಾಲು ತೊಳೆಯುತ್ತಿದ್ದಳು.

“ಯಾರಣ್ಣ?”

“ನರಸೀಪುರದೋನು ಕಣವ್ವ. ಡ್ರೈವರು. ಚೆಲುವಯ್ಯ ಅಂತ.”

ಅವಳು ಅವನನ್ನು ನೋಡಲಿಲ್ಲ. ಅವನ ಹೆಗಲ ಆಚೆ, ಬೀದಿಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ಅವ್ರು?” ಎಂದಳು.

“ಬಂದಿಲ್ಲ.”

“ಗೊತ್ತಿತ್ತು,” ಎಂದು ಚೊಂಬು ಕೆಳಗಿಟ್ಟಳು. “ಒಳೀಕ್ ಬನ್ನಿ, ಕೂತ್ಕಳಿ.”

ಪವಿತ್ರಾ ನೀರು ಕೊಟ್ಟಳು. ಅವಳಿಗೆ ಅವನ ಹೆಸರು ಗೊತ್ತಿತ್ತು, ಮುದ್ದೆ ಗೊತ್ತಿತ್ತು, ಕಾವೇರಿ ಕಪಿಲೆಯ ಮಾತೂ ಗೊತ್ತಿತ್ತು. ಐದು ದಿನವೂ ಗಂಡ ಫೋನ್ ಮಾಡಿ ಹೇಳಿದ್ದ.

“ಬತ್ತೀನಿ ಅನ್ನದು ಇದು ನಾಕ್ನೇ ಸತಿ ಕಣಣ್ಣ. ಎಲ್ಡ್ನೇ ಸತಿ ನಾನೂ ಮಗ್ಳೂ ಬಸ್ಟ್ಯಾಂಡಲ್ಲಿ ಮದ್ಯಾನ್ದಿಂದ ಸಂಜೆ ಗಂಟ ನಿಂತಿದ್ದೊ. ಅದುಕ್ಕೆ ಈ ಸತಿ ಉಡ್ಗಿಗೆ ಯೋಳಿರ್ಲಿಲ್ಲ. ಆದ್ರೂ ಈ ಸತಿ ಬ್ಯಾರೆ ತರ ಮಾತಾಡುದ್ರು. ಮೂವತ್ನೇ ತಾರೀಕು ಸಂಬ್ಳ ಇಸ್ಕಳಕ್ಕೆ ಅದ್ಯಾವ್ದೋ ಬೀಚಿಗೆ ಓಗಿದ್ರಂತೆ, ಅವ್ರ ಮಾಲೀಕ ಅಲ್ಲಿ ಅವ್ನಂತೆ. ಕೆಲ್ಸ ಬುಟ್ಬುಟ್ಟೆ ಅಂದ್ರು. ಅರ್ದ ಸಂಬ್ಳ ಕೊಟ್ನಂತೆ. ಯಾರ್ಗೂ ಯೋಳ್ಬ್ಯಾಡ, ಸೀಟು ಸಿಕ್ದ ಮೇಲೆ ಯೋಳ್ತೀನಿ ಅಂದ್ರು.”

ಕಾಗದದ ಕವರು. ಚೆಲುವಯ್ಯ ನೀರಿನ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

“ಎರಡ್ನೇ ತಾರೀಕು ಬೆಳಿಗ್ಗೆ ಫೋನ್ ಮಾಡುದ್ರು. ಗಾಡಿ ಬುಟ್ಟೋಯ್ತು ಅಂದ್ರು. ಏಳ್ ಗಂಟೆಗೆ ಅಂದಿದ್ರು, ಆರಕ್ಕೇ ಓಯ್ತು ಅಂದ್ರು. ನನ್ಗೆ ಎಲ್ಲಿತ್ತೋ ಸಿಟ್ಟು. ಇಂತಾ ಸುಳ್ಳ ಎಷ್ಟ್ ಕೇಳ್ಳಿ, ಇನ್ಮೇಲೆ ಫೋನ್ ಮಾಡ್ಬ್ಯಾಡಿ ಅಂದ್ಬುಟ್ಟೆ. ಅಲ್ಲಿಂದ ಮಾಡಿಲ್ಲ.”

ಒಳಗೆ ಗೋಡೆಯ ಹತ್ತಿರ ಒಂದು ಹುಡುಗಿ ಪುಸ್ತಕ ಹಿಡಿದು ಕೂತಿದ್ದಳು. ಓದುತ್ತಿರಲಿಲ್ಲ.

“ಅವ್ನ್ ಸುಳ್ಳ್ ಯೋಳಿಲ್ಲ ಕಣವ್ವ,” ಎಂದ ಚೆಲುವಯ್ಯ. “ಯೋಳ್ದೋನು ನಾನು.”

ಆಮೇಲೆ ಎಲ್ಲವನ್ನೂ ಹೇಳಿದ. ಹತ್ತು ವರ್ಷದ ಹಿಂದಿನ ಮುಂಗಡದಿಂದ ಹಿಡಿದು ಹೇಳಿದ. ಜೋಡಿ ಆಟ ಅಂದರೇನು, ಆ ದಿನ ಸ್ಕೂಟರ್ ಅಂಗಡಿಯ ಮುಂದೆ ತಾನು ಏನು ನೋಡಿದೆ, ಅದರಿಂದ ಏನು ಊಹಿಸಿದೆ, ಏಳು ಎಂದು ಎಷ್ಟು ಸಲ ಹೇಳಿದೆ. ಆರು ಹೊಡೆದು ಮೂರು ನಿಮಿಷಕ್ಕೆ ಅವನು ಎಲ್ಲಿ ನಿಂತಿದ್ದ ಎಂದೂ ಹೇಳಿದ. ಯಾವುದನ್ನೂ ಬಿಡಲಿಲ್ಲ, ತನಗೆ ಅನುಕೂಲವಾಗುವಂತೆ ತಿರುಗಿಸಲಿಲ್ಲ. ಕನ್ನಡಿಯಲ್ಲಿ ಅವನು ಕೈ ಬೀಸಿದ್ದನ್ನು ತಾನೂ ಕೈ ಎತ್ತಿ ತೋರಿಸಿದ.

ಪವಿತ್ರಾ ಅವನ ಕೈಯಿಂದ ಲೋಟ ತೆಗೆದುಕೊಂಡಳು.

“ನಿಮ್ಗೆ ಏನ್ ಮಾಡಿದ್ರಣ್ಣ ಅವ್ರು?”

“ಏನೂ ಮಾಡ್ಲಿಲ್ಲ. ಜೊತೇಲಿ ಕೂತು ಉಂಡ.”

“ಗಡ್ಡ ಬೋಳುಸ್ಕಂಡಿದ್ರಾ?”

“ಊಂ. ಬಿಳಿ ಅಂಗಿ ಆಕಿದ್ದ.”

ಗೋಡೆಯ ಹತ್ತಿರದ ಹುಡುಗಿ ಎದ್ದು ಬಂದು ತಾಯಿಯ ಹಿಂದೆ ನಿಂತಳು. “ಯಾರವ್ವ ಈ ಮಾವ?” ಎಂದು ಪಿಸುಗುಟ್ಟಿದಳು.

“ನಿಮ್ಮಪ್ಪುನ್ನ ನೋಡ್ಕಂಡ್ ಬಂದೋರು.”

ಪವಿತ್ರಾ ಫೋನು ತೆಗೆದು ನಂಬರು ಒತ್ತಿದಳು. ಕಿವಿಗಿಟ್ಟು ಕಾದಳು. ಮತ್ತೊಮ್ಮೆ ಒತ್ತಿದಳು. ಸ್ವಿಚ್ ಆಫ್ ಎಂದು ಹೇಳುವ ಹೆಂಗಸಿನ ದನಿ ಕೂತಲ್ಲಿಗೇ ಚೆಲುವಯ್ಯನಿಗೂ ಕೇಳಿಸಿತು. ಅವಳು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, “ನನ್ ಮಾತ್ಗೇ ಆಫ್ ಮಾಡವ್ರೆ,” ಎಂದಳು. “ನೀವೂ ನಂಬ್ಲಿಲ್ಲ. ನಾನೂ ನಂಬ್ಲಿಲ್ಲ.”

“ಅವ್ನ್ ಮಲಗ ಜಾಗ ನನ್ಗೊತ್ತು, ಉಣ್ಣವಾಗ ಅವ್ನೇ ಯೋಳಿದ್ದ,” ಎಂದ ಚೆಲುವಯ್ಯ. “ಜೆಟ್ಟಿ ಇಂದೆ ಒಂದ್ ಗೋಡೌನ್ ಅದೆ, ಅದ್ರ ಮೇಲೆ. ಅಲ್ಲಿಲ್ದೆ ಓದ್ರೆ ಕೇಳ್ಕಂಡ್ ಓಯ್ತೀನಿ.”

“ಸಿಕ್ಕುದ್ರೆ ಏನ್ ಯೋಳ್ತೀರಿ?”

ಅವನು ಎದ್ದ. “ನಿಮ್ಗೆ ಯೋಳುದ್ನಲ್ಲಾ ಕಣವ್ವ, ಅದೇ.”

ಹೊರಗೆ ಬಂದು, ಚಪ್ಪಲಿ ಮೆಟ್ಟುವ ಮೊದಲೇ ನಂಜುಂಡೇಶ್‌ಗೆ ಫೋನ್ ಮಾಡಿದ. ಹನ್ನೊಂದು ವರ್ಷದಲ್ಲಿ ಅವನು ತಾನಾಗಿ ರಜೆ ಕೇಳಿದ್ದು ಮುತ್ತಮ್ಮನ ತಿಥಿಗೆ ಮಾತ್ರ.

“ಐದ್ ದಿವ್ಸ ರಜ ಬೇಕು ಸಾ.”

“ಎಲ್ಲಿಗಯ್ಯ?”

“ಗೋವಾಕೆ.”

ಆ ಕಡೆ ನಂಜುಂಡೇಶ್ ಹೋ ಎಂದು ನಕ್ಕ. “ಹೆಡ್‌ಮೇಷ್ಟ್ರೇ, ಮೊನ್ನೆ ಬಂದಿದ್ದೀರಿ, ಆಗಲೇ ಮತ್ತೆ ಗೋವಾನಾ? ನನಗೆ ಗೊತ್ತಿಲ್ಲದ ಹಾಗೆ ಯಾವುದಯ್ಯ ಪಾರ್ಟಿ?”

“ಪಾರ್ಟಿ ಇಲ್ಲ ಸಾ. ಬಸ್ಸಲ್ ಓಯ್ತೀನಿ. ಒಬ್ನೆ.”

“ಬರೋದೂ ಒಬ್ಬನೇ ತಾನೆ?”

ಪವಿತ್ರಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹುಡುಗಿಯೂ ನಿಂತಿದ್ದಳು.

“ಅದು ನನ್ ಕೈಲಿಲ್ಲ ಸಾ,” ಎಂದ ಚೆಲುವಯ್ಯ. “ಅವ್ನು ನನ್ನ ನಂಬ್ಬೇಕು.”

ನಂಜುಂಡೇಶ್‌ಗೆ ಏನೂ ಅರ್ಥವಾಗಲಿಲ್ಲ. ಹದಿನೆಂಟಕ್ಕೆ ಧರ್ಮಸ್ಥಳದ ಬಾಡಿಗೆ ಇದೆ, ಅಷ್ಟರೊಳಗೆ ಬಂದಿರಬೇಕು ಎಂದು ಫೋನಿಟ್ಟ.